ತೊಳೆದು ಕೊಟ್ಟ ಲ್ಯಾಪ್‌ಟಾಪ್

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ. ಹಲಸೂರಿನ ಸ್ಕೂಲು, ಒಂಬತ್ತನೇ ಕ್ಲಾಸು, ಅರ್ಧವಾರ್ಷಿಕ ಪರೀಕ್ಷೆ ಇನ್ನೂ ಬಂದಿರಲಿಲ್ಲ. ನಿಲ್ಲಿಸಿದೆ ಎಂದು ಬರೆದರೆ ಏನೋ ದೊಡ್ಡ ತೀರ್ಮಾನ ತೆಗೆದುಕೊಂಡವನ ಹಾಗೆ ಕೇಳಿಸುತ್ತದೆ. ಹಾಗೇನಿಲ್ಲ. ಒಂದು ಸೋಮವಾರ ಹೋಗಲಿಲ್ಲ, ಮಂಗಳವಾರವೂ ಹೋಗಲಿಲ್ಲ, ಬುಧವಾರ ಹೋಗುವುದಕ್ಕೆ ನಾಚಿಕೆಯಾಯಿತು. ಬರದಿದ್ದರೆ ಟಿಸಿಯಾದರೂ ತೆಗೆದುಕೊಂಡು ಹೋಗಲಿ ಎಂದು ಮೇಷ್ಟ್ರು ಹೇಳಿಕಳಿಸಿದರು. ಅದಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಬೇಕಿತ್ತು. ಅಪ್ಪ ಬೈಯಪ್ಪನಹಳ್ಳಿ ಕಡೆ ಸೊಪ್ಪು ಬೆಳೆಯುತ್ತಿದ್ದ ತುಂಡು ಜಾಗ ಲೇಔಟಾಗಿ, ಕುಕ್ ಟೌನಿನ ಬಂಗಲೆಯೊಂದರಲ್ಲಿ ತೋಟದ ಮಾಲಿಯಾಗಿದ್ದ. ರಜ ಕೇಳಿದರೆ ಆ ಮನೆಯ ಅಮ್ಮ ಮುಖ ಸಿಂಡರಿಸುತ್ತಿದ್ದರು. ಇದನ್ನೆಲ್ಲ ಮೇಷ್ಟ್ರ ಮುಂದೆ ನಿಂತು ಹೇಳಲು ನನ್ನಿಂದಾಗಲಿಲ್ಲ. ಟಿಸಿ ಬೇಡವೇ ಬೇಡ ಅಂದುಬಿಟ್ಟೆ. ಕೈಯಲ್ಲಿ ಕೆಲಸ ಇರುವವನಿಗೆ ಕಾಗದ ಯಾಕೆ ಎಂಬ ಠೇಂಕಾರ. ಕೈಯಲ್ಲಿ ಇನ್ನೂ ಯಾವ ಕೆಲಸವೂ ಇರಲಿಲ್ಲ ಎಂಬುದು ಬೇರೆ ಮಾತು.

ಇದೆಲ್ಲ ಈಗ ತಲೆಗೆ ಬರುತ್ತಿರುವುದು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿರುವ ಒಂದು ಕಪ್ಪು ಬ್ಯಾಗಿನಿಂದ. ಲ್ಯಾಪ್‌ಟಾಪ್ ಬ್ಯಾಗು. ಲ್ಯಾಪ್‌ಟಾಪು ಅದರಲ್ಲಿಲ್ಲ. ಅದನ್ನು ವಾಪಸು ಮಾಡುವಾಗ ಯಂತ್ರ, ಚಾರ್ಜರು, ಮೌಸು ಎಲ್ಲ ನೋಡಿ ತೆಗೆದುಕೊಂಡರು. ಬ್ಯಾಗು ಬೇಡ, ನೀವೇ ಇಟ್ಟುಕೊಳ್ಳಿ ಎಂದರು. ವಾಪಸು ಮಾಡಿದ ಹೊಸತರಲ್ಲಿ ದಿನಾ ಬೆಳಿಗ್ಗೆ ಬಾಗಿಲು ಸರಿಸಿದರೆ ಅದು ಗೋಡೆಗೆ ತಗಲಿ ಟೊಳ್ಳು ಶಬ್ದ ಮಾಡುತ್ತಿತ್ತು. ಮೊದಲು ಹಾಗೆ ಶಬ್ದ ಮಾಡುತ್ತಿರಲಿಲ್ಲ.

ನೋಡಿ, ಆ ಬ್ಯಾಗಿನ ಬಗ್ಗೆ ನನಗೆ ಇದ್ದ ಜಂಬವನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಗುವುದು ನಿಮಗೆ ಬಿಟ್ಟದ್ದು. ಕೆ.ಆರ್. ಪುರಂ ದಾಟಿದ ಮೇಲೆ ಸಿಗುವ ಒಂದು ಗಾಜಿನ ಆಫೀಸು ಕಟ್ಟಡಕ್ಕೆ ನಾನು ಪ್ಲಂಬರಾಗಿ ಸೇರಿದವನು. ಕಟ್ಟಡ ನೋಡಿಕೊಳ್ಳುವ ಸೂಪರ್‌ವೈಸರಾಗಿ, ಪಂಪು, ಟ್ಯಾಂಕು, ಕೊಳಚೆ ನೀರು ಶುದ್ಧ ಮಾಡುವ ಘಟಕ, ಎಂಟು ಮಹಡಿಯ ನಲ್ಲಿಗಳು ಎಲ್ಲ ನನ್ನ ಕೈಕೆಳಗೆ ಬಂದಾಗ ಕಂಪನಿಯವರು ಒಂದು ಲ್ಯಾಪ್‌ಟಾಪು ಕೊಟ್ಟರು. ಹಳೆಯದು, ಯಾರೋ ಬಿಟ್ಟುಹೋದದ್ದು. ನನಗೆ ಅದು ಹೊಸದೇ. ಮೊದಲ ದಿನ ಮನೆಗೆ ಬರುವಾಗ ಬಸ್ಸಿಳಿದು ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ, ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳದೆ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಕೂತವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಯಾವ ಕಂಪನಿ ಅಂತಿರಬೇಕು. ನಾನು ಗಂಭೀರವಾಗಿ ತಲೆಯಾಡಿಸಿದೆ. ಅವನು ಮತ್ತೆ ಕೇಳಲಿಲ್ಲ. ಆ ತಲೆಯಾಡಿಸಿದ್ದನ್ನು ನೆನೆಸಿಕೊಂಡು ಒಂದು ವಾರ ಸುಖವಾಗಿದ್ದೆ.

ಮನೆಯಲ್ಲಿ ನನ್ನ ಹೆಂಡತಿ ಮಂಜುಳಾ ಬ್ಲೌಸು ಹೊಲಿಯುತ್ತಾಳೆ. ನಾನು ಬಂದರೆ ಮಿಷನ್ನಿನಿಂದ ತಲೆ ಎತ್ತದೆ "ಸಾಫ್ಟ್‌ವೇರ್ ಬಂದ್ರು" ಎನ್ನುತ್ತಿದ್ದಳು. ಹಂಗಿಸುವವಳೂ ಅವಳೇ, ಆಯುಧ ಪೂಜೆಯ ದಿನ ನನ್ನ ಪೈಪ್ ರೆಂಚು, ಅವಳ ಹೊಲಿಗೆ ಮಿಷನ್ನು, ಲ್ಯಾಪ್‌ಟಾಪು ಮೂರನ್ನೂ ಸಾಲಾಗಿಟ್ಟು ಹೂವು ಏರಿಸುವವಳೂ ಅವಳೇ. ಒಂದು ವರ್ಷ ಕುಂಕುಮ ಕೀಲಿಗಳ ಸಂದಿಗೆ ಇಳಿದು, ಒಂದು ಅಕ್ಷರ ಒತ್ತಿದರೆ ಏಳದಾಯಿತು. ಐಟಿ ವಿಭಾಗದ ಶಬಾನಾ ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಶಿವಾಜಿನಗರದವರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಇಡೀ ಆಫೀಸಿನಲ್ಲಿ ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಯಂತ್ರವನ್ನು ತಲೆಕೆಳಗು ಮಾಡಿ ತಟ್ಟಿ, ಬಿದ್ದ ಕೆಂಪು ಪುಡಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, "ಮುಂದಿನ ಸಲ ಹೂವು ಮಾತ್ರ ಇಡಿ ಅಣ್ಣಾ, ಕುಂಕುಮ ಬೇಡ. ಇದಕ್ಕೆ ಅಲರ್ಜಿ" ಎಂದರು.

ಲ್ಯಾಪ್‌ಟಾಪು ಬಳಸುವುದನ್ನು ನನಗೆ ತೋರಿಸಿಕೊಟ್ಟವರೂ ಅವರೇ. ತೆರೆದ ತಕ್ಷಣ ಕಾಣುವ ಜಾಗದಲ್ಲಿ ನನ್ನ ಪೆಟ್ಟಿಗೆಗಳನ್ನೆಲ್ಲ ಸಾಲಾಗಿ ಇಟ್ಟುಕೊಟ್ಟರು. ಪೆಟ್ಟಿಗೆ ಎಂದರೆ ಹಳದಿ ಚಿತ್ರಗಳು. ಪಂಪ್ ರೂಮ್, ಟೆರೇಸ್ ಟ್ಯಾಂಕ್, ಘಟಕ, ಮಹಡಿವಾರು, ಹೀಗೆ ಒಂದೊಂದಕ್ಕೂ ಹೆಸರು. "ಇಲ್ಲಿ ಒತ್ತಿದ್ರೆ ತೆರ್ಕೊಳ್ಳುತ್ತೆ. ಒಳಗೆ ಎಲ್ಲಿದೆ ಅಂತ ತಲೆ ಕೆಡಿಸ್ಕೋಬೇಡಿ" ಎಂದರು. ನಾನು ಕೆಡಿಸಿಕೊಳ್ಳಲಿಲ್ಲ. ಒಂದೊಂದು ಚಿತ್ರದ ಮೂಲೆಯಲ್ಲೂ ಒಂದು ಪುಟ್ಟ ಬಾಣ ಇತ್ತು. ಅಂದಕ್ಕೆ ಹಾಕಿದ್ದಾರೆ ಅಂದುಕೊಂಡಿದ್ದೆ.

ಆ ಪೆಟ್ಟಿಗೆಗಳಲ್ಲಿ ಇದ್ದದ್ದು ಫೋಟೊಗಳು. ನನಗೆ ಒಂದು ಅಭ್ಯಾಸ ಇದೆ, ಅದು ಅಂಟಿದ್ದು ಅಂತೋಣಿ ಮೇಸ್ತ್ರಿಯಿಂದ. ಅಪ್ಪ ಮಾಲಿಯಾಗಿದ್ದ ಬಂಗಲೆಗೆ ನಲ್ಲಿ ರಿಪೇರಿಗೆ ಬಂದಿದ್ದ ಅಂತೋಣಿಯ ಜೊತೆಯಲ್ಲೇ ನಾನು ಟಿಸಿ ಬೇಡ ಅಂದ ಮೇಲೆ ಕೆಲಸಕ್ಕೆ ಹೊರಟದ್ದು. ಕಾಕ್ಸ್ ಟೌನಿನಲ್ಲಿ, ಈಗ ಸರ್ವಜ್ಞನಗರ ಅನ್ನುತ್ತಾರಲ್ಲ ಅಲ್ಲಿ, ಚರ್ಚಿನ ಹಿಂದಿನ ಸಾಲುಮನೆಯಲ್ಲಿ ಇದ್ದರು. ಅರ್ಧ ತಮಿಳು, ಅರ್ಧ ಕನ್ನಡ, ಬೈಗುಳಕ್ಕೆ ಮಾತ್ರ ಇಂಗ್ಲಿಷು. ಕೆಲಸ ಮುಗಿದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಬಂದು ನಿಂತು, ಕೀಲನ್ನು, ಪೈಪಿನ ಸಾಲನ್ನು ಒಂದು ನಿಮಿಷ ನೋಡಬೇಕು ಎನ್ನುವುದು ಅವರ ಕಟ್ಟಳೆ. ನೋಡದೆ ಬಂದರೆ ಆ ದಿನದ ಟೀ ಇಲ್ಲ. ಅಂತೋಣಿ ತೀರಿಕೊಂಡ ಮೇಲೂ ನಾನು ಎರಡು ಹೆಜ್ಜೆ ಹಿಂದೆ ಬರುತ್ತಲೇ ಇದ್ದೆ. ಕೈಗೆ ಫೋನು ಬಂದ ಮೇಲೆ, ನೋಡುವುದರ ಜೊತೆಗೆ ಫೋಟೊ ತೆಗೆಯತೊಡಗಿದೆ. ಮಾಡುವ ಮುಂಚೆ ಒಂದು, ಮಾಡಿದ ಮೇಲೆ ಒಂದು. ಫೋನು ತುಂಬಿದಾಗಲೆಲ್ಲ ಲ್ಯಾಪ್‌ಟಾಪಿಗೆ ಇಳಿಸಿ ಫೋನು ಖಾಲಿ ಮಾಡುತ್ತಿದ್ದೆ. ಜನ ಮಕ್ಕಳ ಫೋಟೊ ಇಟ್ಟುಕೊಂಡಂತೆ ನಾನು ವಾಲ್ವುಗಳ ಫೋಟೊ ಇಟ್ಟುಕೊಂಡಿದ್ದೆ. ಬೇರಿಂಗು ಹೋಗುವ ಮುಂಚೆ ಮೋಟಾರು ಹೇಗೆ ನರಳುತ್ತದೆ ಎಂಬುದನ್ನು ರೆಕಾರ್ಡು ಮಾಡಿ ಇಟ್ಟಿದ್ದೆ. ಅದನ್ನು ಒಂದು ಸಲ ಮನೆಯಲ್ಲಿ ಹಾಕಿದಾಗ ಮಂಜುಳಾ, ಇದು ನಿಮ್ಮ ಗೊರಕೆಯಲ್ಲವಾ ಎಂದು ಕೇಳಿದಳು.

ಇನ್ನೊಂದು ಪೆಟ್ಟಿಗೆ ಇತ್ತು. ಅದರ ಹೆಸರು ಥ್ಯಾಂಕ್ಸ್. ಯಾವುದೋ ರಾತ್ರಿ ಮೇಲಿನ ಟ್ಯಾಂಕು ಒಡೆದದ್ದು, ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಆಫೀಸು ಒಂದು ದಿನವೂ ಮುಚ್ಚದಂತೆ ಟ್ಯಾಂಕರು ಹೊಂದಿಸಿದ್ದು, ಇಂಥದ್ದಕ್ಕೆ ಮ್ಯಾನೇಜರುಗಳು ಬರೆದ ಎರಡು ಸಾಲಿನ ಮೇಲ್‌ಗಳು. ಒಂದೊಂದನ್ನೂ ಇಳಿಸಿ ಇಟ್ಟುಕೊಂಡಿದ್ದೆ. ಇಂಗ್ಲಿಷು ನಿಧಾನವಾಗಿ ಓದುತ್ತೇನೆ. ನಿಧಾನವಾಗಿ ಓದಿದರೆ ಎರಡು ಸಾಲೂ ಬಹಳ ಹೊತ್ತು ಬರುತ್ತದೆ.

ಈ ಪೆಟ್ಟಿಗೆಗಳು ಯಾಕೆ ಮುಖ್ಯ ಎಂಬುದನ್ನು ಇಲ್ಲಿಯೇ ಹೇಳಬೇಕು. ನಾನು ಆ ಕಟ್ಟಡದಲ್ಲಿದ್ದದ್ದು ಹದಿನಾರು ವರ್ಷ. ಆದರೆ ನಾನು ಕಂಪನಿಯ ನೌಕರನಲ್ಲ, ಕಾಂಟ್ರಾಕ್ಟರಿನವನು. ನಾಲ್ಕು ವರ್ಷಕ್ಕೋ ಐದು ವರ್ಷಕ್ಕೋ ಕಾಂಟ್ರಾಕ್ಟರು ಬದಲಾಗುತ್ತಿದ್ದ. ಒಬ್ಬ ಹೋಗಿ ಇನ್ನೊಬ್ಬ ಬಂದರೆ ನನ್ನ ಶರ್ಟಿನ ಬಣ್ಣ ನೀಲಿಯಿಂದ ಬೂದಿಗೆ, ಬೂದಿಯಿಂದ ಮರೂನಿಗೆ ತಿರುಗುತ್ತಿತ್ತು. ಹೊಸ ಬಣ್ಣದ ಜೊತೆ ಹೊಸ ನೇಮಕ ಪತ್ರ, ಸೇರಿದ ದಿನಾಂಕವೂ ಹೊಸದು. ಹಳೆಯ ಪತ್ರ ಇಟ್ಟುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಹಳೆಯವರಲ್ಲಿ ಇಬ್ಬರು ಅಂಗಡಿಯನ್ನೇ ಮುಚ್ಚಿದ್ದಾರೆ. ಪ್ರತಿ ಸಲ ನಾನು ಮತ್ತೆ ಹೊಸಬ. ಆಗ ಅದೊಂದು ತಮಾಷೆಯಾಗಿತ್ತು. ನಾಲ್ಕು ಸಲ ಮದುವೆಯಾದ ಹಾಗಾಯಿತು, ಹೆಂಡತಿ ಅದೇ ಕಟ್ಟಡ ಎಂದು ಪಂಪ್ ರೂಮಿನಲ್ಲಿ ನಗುತ್ತಿದ್ದೆವು. ಕೊನೆಯ ಕಾಂಟ್ರಾಕ್ಟರು ಬಂದು ಎರಡು ವರ್ಷವಾಗಿತ್ತು.

ಈ ವರ್ಷ ಮತ್ತೆ ಬದಲಾಯಿತು. ಹೊಸಬರು ಡಿಪ್ಲೊಮಾ ಆದ ಸೂಪರ್‌ವೈಸರನ್ನು ತಾವೇ ಕರೆತಂದರು. ನನಗೆ ಶರ್ಟು ಬರಲಿಲ್ಲ. ಶುಕ್ರವಾರದೊಳಗೆ ಲ್ಯಾಪ್‌ಟಾಪು ವಾಪಸು ಮಾಡಿ, ಅದರಲ್ಲಿರುವ ನಿಮ್ಮ ಸ್ವಂತದ್ದೆಲ್ಲ ತೆಗೆದುಕೊಂಡು, ಅಳಿಸಿ ಕೊಡಿ ಎಂದು ಮೇಲ್ ಬಂತು. ಅದನ್ನು ಥ್ಯಾಂಕ್ಸ್ ಪೆಟ್ಟಿಗೆಗೆ ಹಾಕಲಿಲ್ಲ.

ಗುರುವಾರ ಮಧ್ಯಾಹ್ನ ಶಬಾನಾ ಮೇಡಂ ಪಂಪ್ ರೂಮಿಗೇ ಇಳಿದು ಬಂದರು. ಆ ಮೆಟ್ಟಿಲು ಇಳಿದು ಯಾರೂ ಬರುವುದಿಲ್ಲ, ಎಣ್ಣೆ ವಾಸನೆ. ಬ್ಯಾಕಪ್ ನಾನು ಮಾಡಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ, ಒಂದು ಪೆನ್ ಡ್ರೈವ್ ಕೊಡಿ ಸಾಕು ಎಂದರು. ನನಗೆ ಏನಾಯಿತೋ. ಹದಿನಾರು ವರ್ಷದಿಂದ ಇಡೀ ಕಟ್ಟಡದ ನೀರು ನಡೆಸಿದವನಿಗೆ ನನ್ನ ಪೆಟ್ಟಿಗೆ ನಾನೇ ಎತ್ತಿಕೊಳ್ಳಲು ಬರುವುದಿಲ್ಲವೇ ಅನ್ನಿಸಿತು. "ನಂಗೆ ಬರುತ್ತೆ ಮೇಡಂ. ನೀವು ಯಾಕೆ ತೊಂದ್ರೆ ತಗೋತೀರಾ" ಎಂದೆ. ಅವರು ಸರಿ ಅಣ್ಣಾ ಎಂದು ಹತ್ತಿ ಹೋದರು.

ಹಲಸೂರಿನ ಮೊಬೈಲ್ ಅಂಗಡಿಯಲ್ಲಿ ಇರುವುದರಲ್ಲೇ ದೊಡ್ಡ ಪೆನ್ ಡ್ರೈವ್ ತಂದಿದ್ದೆ. ಸಿಕ್ಕಿಸಿದೆ. ಕಣ್ಣೆದುರಿಗಿದ್ದ ಹಳದಿ ಪೆಟ್ಟಿಗೆಗಳನ್ನೆಲ್ಲ ಒಟ್ಟಿಗೆ ಹಿಡಿದು, ಕಾಪಿ ಮಾಡಿ, ಪೆನ್ ಡ್ರೈವಿಗೆ ಹಾಕಿದೆ. ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಟ್ಟವು. ದುಡ್ಡು ಕೊಟ್ಟು ಒಳ್ಳೆಯ ಪೆನ್ ಡ್ರೈವ್ ತಂದದ್ದು ಸಾರ್ಥಕವಾಯಿತು ಅಂದುಕೊಂಡೆ. ಅದರೊಳಗೆ ಇಣುಕಿದೆ. ಒಂದೂ ತಪ್ಪಿಲ್ಲದೆ ಎಲ್ಲ ಹೆಸರೂ ಇದ್ದವು. ಬಾಣಗಳ ಸಮೇತ.

ಆಮೇಲೆ ಅಳಿಸಲು ಕೂತೆ.

ಇಲ್ಲಿ ಅಂತೋಣಿಯ ಇನ್ನೊಂದು ಕಟ್ಟಳೆಯ ಬಗ್ಗೆ ಹೇಳಬೇಕು. ಕುಕ್ ಟೌನಿನ ಬಂಗಲೆಗಳಲ್ಲಿ ಆಗ ಬಚ್ಚಲಿಗೂ ಬಿಳಿ ಟೈಲು. ಕೆಲಸ ಮುಗಿದ ಮೇಲೆ ಅಂತೋಣಿ ನನ್ನನ್ನು ಮಂಡಿಯೂರಿಸಿ, ಕೀಲಿಗೆ ಸುತ್ತುವಾಗ ಬಿದ್ದ ಸಣಬಿನ ಎಳೆ, ಕತ್ತರಿಸಿದ ಪೈಪಿನ ಪುಡಿ, ತಮ್ಮದೇ ಬೀಡಿಯ ತುಂಡು, ಎಲ್ಲ ಹೆಕ್ಕಿಸುತ್ತಿದ್ದರು. ಟೈಲಿನ ಮೇಲಿನ ನನ್ನ ಕಾಲಿನ ಗುರುತನ್ನು ನನ್ನ ಕೈಯಲ್ಲೇ ಒರೆಸಿಸುತ್ತಿದ್ದರು. ಒಂದು ಸಲ ನನಗೆ ಸಿಟ್ಟು ಬಂದು, ಇಷ್ಟೆಲ್ಲ ಯಾಕೆ, ಮನೆಯವರು ಗುಡಿಸಿಕೊಳ್ಳುತ್ತಾರೆ ಅಂದೆ.

"ತೆರಿಯಕೂಡಾದು ಡಾ ಮುನಿ" ಎಂದರು ಅಂತೋಣಿ. "ನಾವು ಬಂದು ಹೋಗಿದ್ದು ಮನೆಯವ್ರಿಗೆ ಗೊತ್ತಾಗ್ಬಾರ್ದು. ನಲ್ಲೀಲಿ ತಣ್ಣಿ ಬರ್ಬೇಕು, ಅಷ್ಟೇ."

ಈ ಮಾತು ನನಗೆ ಸ್ಕೂಲಿನಲ್ಲಿ ಕಲಿತ ಎಲ್ಲದಕ್ಕಿಂತ ಗಟ್ಟಿಯಾಗಿ ಕೂತಿದೆ. ಸ್ಕೂಲಿನ ಮಾತು ಬಂದಾಗ ನೆನಪಾಗುವುದು ಸ್ಲೇಟು. ಎಂಜಲು ಹಾಕಿ ಒರೆಸಿದರೆ ಮೇಷ್ಟ್ರು ಹೊಡೆಯುತ್ತಾರೆ ಎಂದು ನಲ್ಲಿಗೆ ಓಡುತ್ತಿದ್ದೆವು. ತೊಳೆದು, ಚಡ್ಡಿಗೆ ಒರೆಸಿ, ಬಿಸಿಲಿಗೆ ಹಿಡಿಯುತ್ತಿದ್ದೆವು. ಎಷ್ಟು ತೊಳೆದರೂ ಓರೆಯಾಗಿ ಹಿಡಿದು ನೋಡಿದರೆ ನಿನ್ನೆಯ ಕಾಗುಣಿತ ಬೂದು ಬೂದಾಗಿ ಕಾಣುತ್ತಿತ್ತು. ನಾನು ಅದಕ್ಕಾಗಿ ಬೇಜಾರು ಮಾಡಿಕೊಳ್ಳುತ್ತಿದ್ದೆ. ಇದ್ದಿಲು ಉಜ್ಜಿ ಪೂರ್ತಿ ಕಪ್ಪು ಮಾಡುವವರೆಗೆ ಸಮಾಧಾನವಿಲ್ಲ. ಹುಟ್ಟುಗುಣವೇ ಇರಬೇಕು.

ಲ್ಯಾಪ್‌ಟಾಪನ್ನೂ ಹಾಗೆಯೇ ಉಜ್ಜಿದೆ. ಎದುರಿಗೆ ಕಾಣುತ್ತಿದ್ದ ಪೆಟ್ಟಿಗೆಗಳನ್ನು ಅಳಿಸಿದೆ. ಅಷ್ಟಕ್ಕೆ ಬಿಡಲಿಲ್ಲ. ಒಳಗೆ ಎಲ್ಲಿದೆ ಎಂದು ಎಂದೂ ತಲೆ ಕೆಡಿಸಿಕೊಳ್ಳದವನು ಆ ದಿನ ಒಳಹೊಕ್ಕು ಹುಡುಕಿದೆ. ಒಂದು ಮೂಲೆಯಲ್ಲಿ ಅವೇ ಹೆಸರಿನ ಪೆಟ್ಟಿಗೆಗಳು ಇನ್ನೊಂದು ಸಾಲು ಸಿಕ್ಕಿದವು. ಪಂಪ್ ರೂಮ್, ಟೆರೇಸ್ ಟ್ಯಾಂಕ್, ಥ್ಯಾಂಕ್ಸ್. ಓಹೋ, ಇಲ್ಲೊಂದು ನಕಲು ಉಳಿದುಕೊಂಡಿದೆ, ನಾನು ನೋಡದೆ ಹೋಗಿದ್ದರೆ ಹಾಗೇ ಬಿಟ್ಟುಹೋಗುತ್ತಿದ್ದೆ ಎಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಅವುಗಳಿಗೆ ಬಾಣ ಇರಲಿಲ್ಲ. ಅದನ್ನು ಗಮನಿಸಿದೆ, ಏನೂ ಅನ್ನಿಸಲಿಲ್ಲ. ಅವನ್ನು ಅಳಿಸಲು ಬಹಳ ಹೊತ್ತು ಹಿಡಿಯಿತು. ಹಸಿರು ಪಟ್ಟಿ ಇಷ್ಟಿಷ್ಟೇ ಸರಿಯುತ್ತಿತ್ತು. ನಾನು ಟೀ ಕುಡಿಯುತ್ತಾ ಕಾದೆ. ಕಸದ ಬುಟ್ಟಿಯ ಚಿತ್ರವನ್ನೂ ತೆರೆದು ಖಾಲಿ ಮಾಡಿದೆ. ಕೊನೆಗೆ ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ವಲ್ಪ ಸ್ಪಿರಿಟ್ ಮುಟ್ಟಿಸಿ, ಕೀಲಿಗಳ ಸಂದಿಯಲ್ಲಿ ಉಳಿದಿದ್ದ ಆಯುಧ ಪೂಜೆಯ ಕುಂಕುಮ ತೆಗೆದೆ.

ಮುಚ್ಚಿಟ್ಟು, ಎರಡು ಹೆಜ್ಜೆ ಹಿಂದೆ ಬಂದು ನಿಂತು ನೋಡಿದೆ. ಯಾರೋ ಒಬ್ಬ ಮುನಿರಾಜು ಅದನ್ನು ಮುಟ್ಟಿದ್ದ ಎಂಬ ಗುರುತೇ ಇರಲಿಲ್ಲ. ಅಂತೋಣಿ ಇದ್ದಿದ್ದರೆ ಎರಡು ಟೀ ಕೊಡಿಸುತ್ತಿದ್ದರು.

ಮುಂದಿನ ವಾರ ಕೆ.ಆರ್. ಪುರಂನ ಒಂದು ಅಪಾರ್ಟ್‌ಮೆಂಟಿಗೆ ಹೋದೆ. ಸೂಪರ್‌ವೈಸರ್ ಬೇಕು ಎಂದು ಪರಿಚಯದವರು ಹೇಳಿದ್ದರು. ದೊಡ್ಡ ಜಾಗ, ನಾಲ್ಕು ಬ್ಲಾಕು, ಪಂಪಿನ ಶಬ್ದ ಗೇಟಿನಿಂದಲೇ ಕೇಳಿಸುತ್ತಿತ್ತು, ಒಂದಕ್ಕೆ ಬೇರಿಂಗು ಹೋಗಿತ್ತು. ಅಲ್ಲಿನ ಸೆಕ್ರೆಟರಿ ಯಾವುದೋ ಕಾರ್ಖಾನೆಯಿಂದ ರಿಟೈರಾದವರು, ಮೃದು ಮನುಷ್ಯ. ಕೂರಿಸಿ ಕಾಫಿ ಕೊಟ್ಟರು. ನನ್ನ ಅನುಭವ ಪತ್ರ ಓದಿ ಕನ್ನಡಕದ ಮೇಲಿಂದ ನೋಡಿದರು.

"ಎರಡು ವರ್ಷ ಅಂತಿದೆ."

"ಅದು ಕಾಂಟ್ರಾಕ್ಟರ್ ಲೆಕ್ಕ ಸಾರ್. ನಾನಿದ್ದದ್ದು ಹದಿನಾರು ವರ್ಷ. ಎಲ್ಲಾ ಇದೆ ನನ್ನ ಹತ್ರ" ಎಂದು ಪೆನ್ ಡ್ರೈವ್ ಮೇಜಿನ ಮೇಲಿಟ್ಟೆ. ಇಸ್ಪೀಟಿನಲ್ಲಿ ಕೊನೆಯ ಎಲೆ ಹಾಕುವವನ ಹಾಗೆ ಇಟ್ಟೆ.

ಅವರು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಪಂಪ್ ರೂಮ್ ಒತ್ತಿದರು. ಒಂದು ಸಣ್ಣ ಚೌಕ ಬಂತು, ಏನೋ ಇಂಗ್ಲಿಷು. ಟೆರೇಸ್ ಟ್ಯಾಂಕ್ ಒತ್ತಿದರು. ಅದೇ ಚೌಕ. ಥ್ಯಾಂಕ್ಸ್ ನೀವೇ ಒತ್ತಿ ಎಂದು ಮೌಸನ್ನು ನನ್ನ ಕಡೆ ಸರಿಸಿದರು. ನಾನು ಎರಡು ಸಲ ಒತ್ತಿದೆ. ಮತ್ತೆ ಒತ್ತಿದೆ.

"ಮುನಿರಾಜು ಅವ್ರೇ, ಮೂಲೇಲಿ ಈ ಬಾಣ ಇದೆ ನೋಡಿ" ಎಂದರು ಅವರು, ಪೆನ್ನಿನ ತುದಿಯಿಂದ ತೋರಿಸಿ. "ಇದು ಪೆಟ್ಟಿಗೆ ಅಲ್ಲ. ಪೆಟ್ಟಿಗೆ ಎಲ್ಲಿದೆ ಅಂತ ತೋರಿಸೋ ಚಿತ್ರ ಅಷ್ಟೇ."

"ಪೆಟ್ಟಿಗೆ ಎಲ್ಲಿದೆ ಸಾರ್?"

"ಆ ಲ್ಯಾಪ್‌ಟಾಪಲ್ಲಿ ಇರಬೇಕು."

ನನಗೆ ಆ ಹಸಿರು ಪಟ್ಟಿ ನೆನಪಾಯಿತು. ಇಷ್ಟಿಷ್ಟೇ ಸರಿಯುತ್ತಿದ್ದದ್ದು. ಕಾಫಿ ಅರ್ಧ ಉಳಿದಿತ್ತು, ಕುಡಿದು ಮುಗಿಸಿದೆ. ಬಿಟ್ಟು ಏಳುವುದು ಮರ್ಯಾದೆಯಲ್ಲ.

ಅಲ್ಲಿಂದ ನೇರ ಹಳೆಯ ಆಫೀಸಿಗೆ ಹೋದೆ. ಗೇಟಿನ ಸೆಕ್ಯುರಿಟಿಯವನು ನನ್ನನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತ, ಆಮೇಲೆ ಜ್ಞಾಪಕ ಬಂದು ವಿಸಿಟರ್ ಪುಸ್ತಕವನ್ನು ಮುಂದೆ ತಳ್ಳಿದ. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ಯಾವ ಕೆಲಸದ ಮೇಲೆ ಬಂದಿದ್ದೀರಿ ಎಂಬ ಜಾಗದಲ್ಲಿ ಸ್ವಂತ ಎಂದು ಬರೆದೆ. ಶಬಾನಾ ಮೇಡಂ ಊಟ ಬಿಟ್ಟು ಇಳಿದು ಬಂದರು. ನಾನು ಹೇಳುವುದನ್ನು ಪೂರ್ತಿ ಕೇಳಿದರು, ಕೇಳುತ್ತಾ ಕೇಳುತ್ತಾ ಅವರ ಮುಖ ಇಳಿಯಿತು.

"ಅಣ್ಣಾ, ನಾನ್ ಕೇಳಿದ್ನಲ್ಲ."

"ಕೇಳಿದ್ರಿ ಮೇಡಂ."

"ನೀವು ಕೊಟ್ಟ ದಿನಾನೇ ಫಾರ್ಮ್ಯಾಟ್ ಮಾಡ್ಬಿಟ್ಟೆ. ಬೇರೆಯವ್ರಿಗೆ ಹೋಗೂ ಆಯ್ತು. ಅದಕ್ಕೂ ಮುಂಚೆ ನಮ್ಮ ಟೀಮಿಗೆಲ್ಲ ತೋರಿಸ್ದೆ ಗೊತ್ತಾ, ನೋಡಿ, ವಾಪಸ್ ಕೊಡೋದು ಅಂದ್ರೆ ಹೀಗೆ ಕೊಡ್ಬೇಕು, ಒಂದು ಧೂಳೂ ಇಲ್ಲ ಅಂತ."

ನನ್ನ ಮೇಲ್ ಖಾತೆಯನ್ನೂ ಮುಚ್ಚಿಬಿಟ್ಟಿದ್ದರು. ಅದನ್ನು ತೆರೆಸಲು ಆಗುವುದಿಲ್ಲವೇ ಎಂದು ಅವರೇ ಮೇಲಿನವರನ್ನು ಕೇಳಿ ನೋಡಿದರು. ಕಾಂಟ್ರಾಕ್ಟಿನವರ ಮೇಲ್ ಉಳಿಸಿಕೊಳ್ಳುವ ಪದ್ಧತಿ ಇಲ್ಲವಂತೆ. ಬೇಕಾದರೆ ನಾನೇ ಆ ಸೆಕ್ರೆಟರಿಗೆ ಫೋನು ಮಾಡಿ ಹೇಳುತ್ತೇನೆ ಎಂದರು. ಮಾಡಿದರು ಕೂಡ. ಅಮ್ಮಾ, ನಿಮ್ಮ ಮಾತು ನಂಬುತ್ತೇನೆ, ಆದರೆ ಕಮಿಟಿಗೆ ಕಾಗದ ಬೇಕು, ನೀವು ಕಂಪ್ಯೂಟರಿನವರು, ಪಂಪಿನ ವಿಷಯ ನೀವು ಹೇಳಿದರೆ ಒಪ್ಪುವುದಿಲ್ಲ ಎಂದು ಅವರು ಸಮಾಧಾನವಾಗಿಯೇ ಹೇಳಿದರಂತೆ. ತಪ್ಪೇನಿಲ್ಲ.

ನನಗೆ ಥ್ಯಾಂಕ್ಸ್ ಬರೆದ ಮ್ಯಾನೇಜರುಗಳಲ್ಲಿ ಒಬ್ಬರ ನಂಬರು ಮಾತ್ರ ನನ್ನಲ್ಲಿತ್ತು. ಈಗ ಅವರು ಬೇರೆ ಕಂಪನಿ, ಬೇರೆ ಊರು. ಫೋನು ಮಾಡಿದೆ. ಯಾವ ಮುನಿರಾಜು ಎಂದರು. ಟ್ಯಾಂಕು ಒಡೆದ ರಾತ್ರಿ ಎಂದೆ. ಯಾವ ಟ್ಯಾಂಕು ಎಂದರು. ಆ ರಾತ್ರಿ ನಾವಿಬ್ಬರೂ ಮೊಣಕಾಲು ನೀರಿನಲ್ಲಿ ಬೆಳಗಿನ ಜಾವದ ತನಕ ನಿಂತಿದ್ದೆವು. ಅವರು ತಮ್ಮ ಬೂಟನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. ಇದನ್ನೆಲ್ಲ ಹೇಳಿದೆ. "ಓ, ಪ್ಲಂಬರ್ ಅಲ್ವಾ" ಎಂದರು ಕೊನೆಗೆ. ಹೌದು ಸಾರ್ ಎಂದು ಇಟ್ಟುಬಿಟ್ಟೆ. ಅವರ ಬೂಟಿನ ಫೋಟೊ ನನ್ನ ಹತ್ತಿರ ಇತ್ತು.

ಮಂಜುಳಾಗೆ ಎರಡು ದಿನ ಹೇಳಲಿಲ್ಲ. ಮೂರನೆಯ ದಿನ, ಅವಳು ಕೆಳಗೆ ಬಿದ್ದ ಗುಂಡಿ ಹುಡುಕುತ್ತಾ ನೆಲದ ಮೇಲೆ ಕೂತಿದ್ದಾಗ ಹೇಳಿದೆ. ಸಾಫ್ಟ್‌ವೇರ್ ಎಂದು ಹಂಗಿಸುತ್ತಾಳೆ ಎಂದು ಕಾದೆ. ಹಂಗಿಸಿದ್ದರೆ ಚೆನ್ನಾಗಿತ್ತು. ಗುಂಡಿ ಸಿಕ್ಕಿತು, ಅದನ್ನು ಸೀರೆಗೆ ಒರೆಸಿ ನೋಡಿದಳು.

"ಅಲ್ಲೂ ಟಿಸಿ ಬಿಟ್ಟು ಬಂದ್ರಾ" ಎಂದಳು.

ಮದುವೆಯಾದ ಹೊಸತರಲ್ಲಿ ಆ ಟಿಸಿಯ ಕತೆಯನ್ನು ಒಂದು ಶೂರತನದ ಹಾಗೆ ಅವಳಿಗೆ ಹೇಳಿದ್ದೆ. ಅವಳು ಮರೆತಿದ್ದಾಳೆ ಅಂದುಕೊಂಡಿದ್ದೆ.

ಈಚೆಗೆ ಆ ಕಡೆ ಏನಾದರೂ ಮೆಟ್ರೋದಲ್ಲಿ ಹೋದರೆ ಕಿಟಕಿಯ ಕಡೆ ನಿಲ್ಲುವುದಿಲ್ಲ. ಕೆ.ಆರ್. ಪುರಂ ದಾಟಿ ಒಂದಷ್ಟು ಹೊತ್ತಿಗೆ ಆ ಕಟ್ಟಡ ಎಡಗಡೆ ಬರುತ್ತದೆ. ಹೊರಗಿನವರಿಗೆ ಕಾಣುವುದು ಗಾಜು. ನನಗೆ ಈಗಲೂ ಅದರ ಒಳಗಿನ ಪೈಪುಗಳೇ ಕಾಣುತ್ತವೆ. ಯಾವುದು ಎಲ್ಲಿ ಮೇಲೇರುತ್ತದೆ, ಯಾವ ಗೋಡೆಯ ಹಿಂದೆ ತಿರುಗುತ್ತದೆ, ಐದನೆಯ ಮಹಡಿಯ ಯಾವ ಕೀಲು ಬೇಸಿಗೆಯಲ್ಲಿ ಬೆವರುತ್ತದೆ. ಇದೆಲ್ಲ ನನಗೆ ಗೊತ್ತು. ನನಗೆ ಗೊತ್ತಿದೆ ಎಂಬುದು ಮಾತ್ರ ಇನ್ನೆಲ್ಲೂ ಇಲ್ಲ. ಈಗ ಅಲ್ಲಿ ನೀರು ಬರುತ್ತಿದೆ, ಜನ ನಲ್ಲಿ ತಿರುಗಿಸುತ್ತಿದ್ದಾರೆ, ಅಷ್ಟೇ. ಅಂತೋಣಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಡೆದಿದೆ. ಆ ಮಾತನ್ನು ಹೇಳುವಾಗ ಅವರಿಗೂ ಒಳಗೆ ಹೀಗೇ ಅನ್ನಿಸುತ್ತಿತ್ತೇನೋ, ನಾನು ಕೇಳಲಿಲ್ಲ. ಅವರು ಪೈಪು ಹಾಕಿದ ಬಂಗಲೆಗಳಲ್ಲಿ ಬಹುಪಾಲು ಬಿದ್ದು ಫ್ಲ್ಯಾಟುಗಳಾಗಿವೆ. ಅವರಿಗಾದರೋ ಕಾಗದ ಕೇಳುವವರು ಯಾರೂ ಇರಲಿಲ್ಲ. ಸಂಜೆ ಬೇಕರಿಯ ಮುಂದೆ ನಿಂತರೆ ಹತ್ತು ಜನ ಕೆಲಸಕ್ಕೆ ಕೂಗಿ ಕರೆಯುತ್ತಿದ್ದರು.

ಸೆಕ್ರೆಟರಿ ಮತ್ತೆ ಫೋನು ಮಾಡಿದರು. ಸೂಪರ್‌ವೈಸರ್ ಜಾಗಕ್ಕೆ ಬೇರೆಯವರು ಸಿಕ್ಕಿದ್ದಾರೆ, ಪ್ಲಂಬರ್ ಜಾಗ ಖಾಲಿ ಇದೆ, ಎರಡು ವರ್ಷದ ಅನುಭವಕ್ಕೆ ಅದು ಸರಿಹೋಗುತ್ತದೆ ಎಂದರು. ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಒಂದು ವಾರ ಸುಮ್ಮನೆ ಮನೆಯಲ್ಲಿ ಕೂತಿದ್ದೆ, ಠೇಂಕಾರಕ್ಕೆ ಅಷ್ಟು ದಿನವಾದರೂ ಬೇಕಲ್ಲ. ಆಮೇಲೆ ಅಟ್ಟದಿಂದ ರೆಂಚು ಇಳಿಸಿದೆ. ಅಂತೋಣಿ ಕೊನೆಯಲ್ಲಿ ನನಗೆ ಕೊಟ್ಟದ್ದು, ಹಿಡಿಕೆ ಸವೆದು ನುಣ್ಣಗಾಗಿದೆ. ಅದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಓರೆಯಾಗಿ ಇಟ್ಟರೆ ಹಿಡಿಸುತ್ತದೆ. ಲ್ಯಾಪ್‌ಟಾಪಿಗೆಂದು ಇದ್ದ ಮೆತ್ತನೆಯ ಜಾಗದಲ್ಲಿ ಊಟದ ಡಬ್ಬಿ ಕೂರುತ್ತದೆ. ಮೆಟ್ರೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಳ್ಳಲು ಭಾರ, ಕಾಲಿನ ಸಂದಿಯಲ್ಲಿ ಇಟ್ಟುಕೊಳ್ಳುತ್ತೇನೆ.

ಅಲ್ಲಿಯ ಸೂಪರ್‌ವೈಸರು ಕೆಟ್ಟವನೇನಲ್ಲ. ನನ್ನನ್ನು ಅಂಕಲ್ ಅನ್ನುತ್ತಾನೆ. ಮೊದಲ ದಿನ ಬಿ ಬ್ಲಾಕಿನ ಸೋರುವ ಕೀಲು ಬಿಗಿಮಾಡಿ, ನೆಲ ಒರೆಸಿ, ಎರಡು ಹೆಜ್ಜೆ ಹಿಂದೆ ಬಂದು ನಿಂತಿದ್ದೆ. ಹಿಂದಿನಿಂದ ಬಂದ.

"ಅಂಕಲ್, ಫೋಟೊ ತೆಗೆದು ಗ್ರೂಪಿಗೆ ಹಾಕಿ. ಮುಂಚೆ ಒಂದು, ಆಮೇಲೆ ಒಂದು. ಇಲ್ಲಾಂದ್ರೆ ಕೆಲಸ ಮಾಡಿದ್ರಿ ಅಂತ ಪ್ರೂಫ್ ಇರಲ್ಲ."

ಮುಂಚಿನದು ಆಗಲೇ ಹೋಗಿತ್ತು. ಆಮೇಲಿನದನ್ನು ತೆಗೆದೆ.

ಈಗ ನನ್ನ ಹತ್ತಿರ ಇರುವುದು: ಎರಡು ವರ್ಷದ ಅನುಭವ ಪತ್ರ ಒಂದು. ಬ್ಯಾಗು ಒಂದು. ರೆಂಚು ಒಂದು. ಬಾಣಗಳಿರುವ ಪೆನ್ ಡ್ರೈವ್ ಒಂದು. ಫೋಟೊ ಹನ್ನೊಂದು.